ಸಿಎ ಓದಿ, ಲೆಕ್ಕ ಬಿಡದೆ ಬಣ್ಣ ಹಚ್ಚಿದ ಭೂಪೇನ್ ಖಖ್ಖರ್

ಪ್ರಶ್ನೆ: ನಾವು ಡೊಂಬಿವಲಿಯಲ್ಲಿ ಇರುವವರು. ಮಗ ಸಿಎ ಇಂಟರ್ ಮುಗಿಸಿ ಮುಂಬೈಯ ಫೋರ್ಟಿನಲ್ಲಿ ಆರ್ಟಿಕಲ್‌ಶಿಪ್ (ಸಿಎ ಆಗಲು ಆಡಿಟರ್ ಆಫೀಸಿನಲ್ಲಿ ಮಾಡುವ ತರಬೇತಿ) ಮಾಡುತ್ತಿದ್ದಾನೆ. ಮಧ್ಯಾಹ್ನ ಡಬ್ಬಿ ತೆರೆಯುವುದು ಬಿಟ್ಟು ಜಹಾಂಗೀರ್ ಆರ್ಟ್ ಗ್ಯಾಲರಿಗೆ ಹೋಗಿ ನಿಲ್ಲುತ್ತಾನಂತೆ. ಈಗ ಸಿಎ ಬೇಡ, ಪೇಂಟಿಂಗ್ ಮಾಡ್ತೀನಿ ಅನ್ನುತ್ತಿದ್ದಾನೆ. ಏನಾದರೂ ಅಂದರೆ 'ಭೂಪೇನ್ ಖಖ್ಖರ್ ಕೂಡ ಸಿಎ ಓದಿದವರೇ ಅಮ್ಮಾ' ಎಂದು ಬಾಯಿ ಮುಚ್ಚಿಸುತ್ತಾನೆ. ಅವರ ಚಿತ್ರಗಳನ್ನು ಮೊಬೈಲಿನಲ್ಲಿ ತೋರಿಸಿದ. ನನಗಂತೂ ಕ್ಯಾಲೆಂಡರ್ ಚಿತ್ರವನ್ನು ಯಾರೋ ಮಕ್ಕಳು ಬಿಡಿಸಿದ ಹಾಗೆ ಕಂಡಿತು. ಇದಕ್ಕೆ ಪಾಪ್ ಆರ್ಟ್ ಅನ್ನುತ್ತಾರಂತೆ, ಕೋಟಿಗಟ್ಟಲೆ ಬೆಲೆಯಂತೆ. ನಿಜಕ್ಕೂ ಯಾರು ಇವರು? ಆ ಚಿತ್ರಗಳಲ್ಲಿ ಅಂಥದ್ದೇನಿದೆ?

ಉತ್ತರ: ಮೊದಲು ಮಗನ ಮಾತಿಗೆ ಬರೋಣ. ಅವನು ಸುಳ್ಳು ಹೇಳಿಲ್ಲ. ಅರ್ಧ ಹೇಳಿದ್ದಾನೆ ಅಷ್ಟೆ. ಖಖ್ಖರ್ ಸಿಎ ಓದಿದವರು ಹೌದು. ಆದರೆ ಪೇಂಟಿಂಗ್‌ಗೋಸ್ಕರ ಲೆಕ್ಕದ ಕೆಲಸಕ್ಕೆ ಕೈಮುಗಿದು ಹೊರಟವರಲ್ಲ. ಪೇಂಟರ್ ಎಂದು ಹೆಸರು ಬಂದ ಮೇಲೂ ಎಷ್ಟೋ ವರ್ಷ ಬರೋಡಾದ ಒಂದು ಕಂಪನಿಯಲ್ಲಿ ಪಾರ್ಟ್ ಟೈಮ್ ಅಕೌಂಟೆಂಟ್ ಆಗಿದ್ದರು. ದಿನದ ಒಂದು ಪಾಲು ಜಮಾ ಖರ್ಚಿಗೆ, ಇನ್ನೊಂದು ಪಾಲು ಬಣ್ಣಕ್ಕೆ. ಈ ಭಾಗವನ್ನು ಮಗ ಮೆಲ್ಲಗೆ ನುಂಗಿಕೊಂಡಿದ್ದಾನೆ ಅನಿಸುತ್ತೆ.

ಇನ್ನು ನಿಮ್ಮ ಮಾತು. 'ಕ್ಯಾಲೆಂಡರ್ ಚಿತ್ರದ ಹಾಗೆ ಕಂಡಿತು' ಎಂದು ದೂರಿನ ಧಾಟಿಯಲ್ಲಿ ಬರೆದಿದ್ದೀರಿ. ದೂರಲ್ಲ ಅದು, ಸರಿಯಾದ ಗುರುತು. ದಪ್ಪ ದಪ್ಪ ಪುಸ್ತಕ ಓದಿದವರು ಸುತ್ತಿ ಬಳಸಿ ಕೊನೆಗೆ ಬಂದು ಮುಟ್ಟುವುದೂ ಇಲ್ಲಿಗೇ.

ಖಖ್ಖರ್ ಹುಟ್ಟಿದ್ದು 1934ರ ಮಾರ್ಚ್ 10ರಂದು, ಮುಂಬೈಯಲ್ಲಿ. ಬೆಳೆದದ್ದು ಗಿರಗಾಂವ್ ಪಕ್ಕದ ಖೇತ್‌ವಾಡಿಯಲ್ಲಿ. ಗುಜರಾತಿ ಮನೆ, ನಾಲ್ಕು ಮಕ್ಕಳಲ್ಲಿ ಕೊನೆಯವರು. ನಾಲ್ಕು ವರ್ಷದ ಮಗುವಾಗಿದ್ದಾಗಲೇ ತಂದೆ ತೀರಿಕೊಂಡರು. ಅಂಥ ಮನೆಯಲ್ಲಿ ಒಬ್ಬ ಹುಡುಗ ಓದಿನಲ್ಲಿ ಚುರುಕಾಗಿದ್ದರೆ ಏನಾಗುತ್ತೆ ಎಂದು ನಿಮಗೆ ಹೇಳಬೇಕಿಲ್ಲ. ಎಲ್ಲರ ಕಣ್ಣೂ ಅವನ ಮೇಲೆ. ಆ ಮನೆಯಿಂದ ಯೂನಿವರ್ಸಿಟಿ ಮೆಟ್ಟಿಲು ಹತ್ತಿದವರಲ್ಲಿ ಅವರೇ ಮೊದಲು. ಅರ್ಥಶಾಸ್ತ್ರದಲ್ಲಿ ಬಿಎ, ಆಮೇಲೆ ಮನೆಯವರ ಒತ್ತಾಯಕ್ಕೆ ಬಿಕಾಂ, ಅಲ್ಲಿಂದ ಸಿಎ. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ನೈಟ್ ಸ್ಕೂಲಿನಲ್ಲಿ ಓದಿ, ಕೊನೆಗೆ ಸಿಎ ಬೋರ್ಡು ಹಾಕಿಕೊಂಡ ದೊಡ್ಡಪ್ಪ ಚಿಕ್ಕಪ್ಪಂದಿರು ನಮ್ಮಲ್ಲೂ ಇದ್ದಾರಲ್ಲ, ಅದೇ ದಾರಿ.

ಖೇತ್‌ವಾಡಿ ನೀವು ನೋಡಿರಬಹುದು, ಗಣಪತಿ ಹಬ್ಬಕ್ಕಾದರೂ. ಅಲ್ಲಿ ಗಲ್ಲಿಗಳಿಗೆ ಹೆಸರಿಗಿಂತ ನಂಬರೇ ಜಾಸ್ತಿ ಚಾಲ್ತಿ. ಕೆಳಗೆ ಅಂಗಡಿ, ಮೇಲೆ ಮನೆ. ಟೈಲರ್, ಹಜಾಮ, ವಾಚ್ ರಿಪೇರಿಯವ, ಎಲ್ಲರೂ ಒಂದೊಂದು ಗೂಡಿನಲ್ಲಿ. ಗೋಡೆಗೆ ಪಿಸ್ತಾ ಹಸಿರು ಇಲ್ಲವೇ ತಿಳಿನೀಲಿ ಸುಣ್ಣ. ಆ ಗೋಡೆಯ ಮೇಲೆ ತಪ್ಪದೆ ಒಂದು ಕ್ಯಾಲೆಂಡರ್ ದೇವರು.

ಆ ಕ್ಯಾಲೆಂಡರಿನ ಹತ್ತಿರ ಸ್ವಲ್ಪ ನಿಲ್ಲುತ್ತೇನೆ. ನನ್ನ ಅಪ್ಪಯ್ಯ ಗಿರಗಾಂವ್ ಕಡೆ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದರು. ಡಿಸೆಂಬರ್ ಕೊನೆಯ ವಾರ ಬಂತೆಂದರೆ ಕಿರಾಣಿಯವ, ಹಾಲಿನವ, ಕಾಫಿಪುಡಿಯವ, ಎಲ್ಲರೂ ಸುರುಳಿ ಸುತ್ತಿದ ಕ್ಯಾಲೆಂಡರ್ ತಂದು ಮೇಜಿನ ಮೇಲೆ ಇಡುತ್ತಿದ್ದರು. ರಬ್ಬರ್ ಬ್ಯಾಂಡ್ ತೆಗೆದರೂ ಅದು ಬಿಚ್ಚಿಕೊಳ್ಳುತ್ತಿರಲಿಲ್ಲ, ಮತ್ತೆ ಸುತ್ತಿಕೊಳ್ಳುತ್ತಿತ್ತು. ಮೇಲೊಂದು ಕೆಳಗೊಂದು ತಗಡಿನ ಪಟ್ಟಿ. ನಡುವೆ ಲಕ್ಷ್ಮಿ. ಅವಳ ಪಾದದ ಕೆಳಗೆ ಅಂಗಡಿಯ ಹೆಸರು, ಅದರ ಕೆಳಗೆ ತಾರೀಕಿನ ಹಾಳೆಗಳು. ವರ್ಷ ಮುಗಿದ ಮೇಲೆ ತಾರೀಕಿನ ಹಾಳೆ ಕಸಕ್ಕೆ ಹೋಗುತ್ತೆ, ಸರಿ. ಲಕ್ಷ್ಮಿಯನ್ನು ಕಸಕ್ಕೆ ಹಾಕುವುದು ಹೇಗೆ? ಅಪ್ಪಯ್ಯ ಶೇವಿಂಗ್ ಬ್ಲೇಡು ಹಿಡಿದು ಅಂಗಡಿಯ ಹೆಸರನ್ನು ಮಾತ್ರ ನೀಟಾಗಿ ಕತ್ತರಿಸಿ, ದೇವಿಯನ್ನು ಕಟ್ಟು ಹಾಕಿಸಲು ಕೊಡುತ್ತಿದ್ದರು. ಬಣ್ಣ ಅನ್ನುವುದು ನನಗೆ ಮೊದಲು ಗೊತ್ತಾದದ್ದೇ ಹಾಗೆ. ಆ ಗುಲಾಬಿ ಕೆನ್ನೆ, ಆ ನವಿಲುಬಣ್ಣದ ಸೀರೆ, ಹಿಂದೆ ಯಾವ ಊರಿನಲ್ಲೂ ಆಗದ ಸೂರ್ಯಾಸ್ತ.

ಈ ಬಣ್ಣದ ದೇವರಿಗೂ ಆ ಓಣಿಗೂ ಹಳೇ ನಂಟು. ರಾಜಾ ರವಿವರ್ಮ 1894ರಲ್ಲಿ ತಮ್ಮ ಕಲ್ಲಚ್ಚಿನ ಪ್ರೆಸ್ ಶುರು ಮಾಡಿದ್ದು ಗಿರಗಾಂವ್‌ನಲ್ಲೇ. ಆಮೇಲೆ ಅದು ಲೋಣಾವಳದ ಹತ್ತಿರ ಮಳವಲಿಗೆ ಹೋಯಿತು. ಮುಂದಿನ ತಲೆಮಾರಿನಲ್ಲಿ ಸಿನಿಮಾ ಪೋಸ್ಟರ್, ಪುರಾಣದ ಕ್ಯಾಲೆಂಡರ್ ಎರಡರಲ್ಲೂ ದೊಡ್ಡ ಹೆಸರು ಮಾಡಿದವರು ನಮ್ಮ ಗುಲ್ಬರ್ಗದ ಎಸ್.ಎಂ. ಪಂಡಿತ್. 1916ರಲ್ಲಿ ಹುಟ್ಟಿ, ಮುಂಬೈಗೆ ಬಂದು ಕೆಲಸ ಮಾಡಿದವರು. ಅವರ ಗಟ್ಟಿ ಮೈಕಟ್ಟಿನ ದೇವರುಗಳಿಗೆ ಎಷ್ಟು ಮನೆಯಲ್ಲಿ ಊದುಬತ್ತಿ ಬೆಳಗಿದೆಯೋ. ಗ್ಯಾಲರಿ ಮಂದಿ ಮಾತ್ರ ಇದಕ್ಕೆಲ್ಲ ಬಜಾರಿನ ಚಿತ್ರ ಎಂದು ಮೂಗು ಮುರಿಯುತ್ತಿದ್ದರು.

ಮೂಗು ಮುರಿಯದೆ ಅದನ್ನು ಕೈಗೆತ್ತಿಕೊಂಡವರು ಖಖ್ಖರ್.

ಅದು ಆದದ್ದು ಹೀಗೆ. ಲೆಕ್ಕದ ಕೆಲಸದ ನಡುವೆಯೇ ಅವರು ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನ ಸಂಜೆ ಕ್ಲಾಸಿಗೆ ಹೋಗುತ್ತಿದ್ದರು. 1958ರಲ್ಲಿ ಗುಲಾಮ್ ಮೊಹಮ್ಮದ್ ಶೇಖ್ ಪರಿಚಯವಾದರು. ಶೇಖ್ ಕವಿಯೂ ಹೌದು, ಪೇಂಟರೂ ಹೌದು. ಬರೋಡಾದ ಎಂ.ಎಸ್. ಯೂನಿವರ್ಸಿಟಿಯಲ್ಲಿ ಫೈನ್ ಆರ್ಟ್ಸ್ ವಿಭಾಗ ಆಗಿನ್ನೂ ಹೊಸತು. ಅಲ್ಲಿಗೆ ಬಾ ಎಂದು ಹುರಿದುಂಬಿಸಿದವರು ಅವರೇ. 1962ರಲ್ಲಿ ಖಖ್ಖರ್ ಮುಂಬೈ ಬಿಟ್ಟು ಬರೋಡಾಕ್ಕೆ ಹೋದರು. ಆಗ ವಯಸ್ಸು 28. ಸೇರಿದ್ದು ಪೇಂಟಿಂಗ್ ಕೋರ್ಸಿಗಲ್ಲ, ಕಲಾವಿಮರ್ಶೆಯ ಎಂಎಗೆ. ಅಂದರೆ ಆ ಸಂಜೆ ಕ್ಲಾಸು ಬಿಟ್ಟರೆ ಕ್ಯಾನ್ವಾಸಿನ ಮೇಲೆ ಕೈ ಪಳಗಿದ್ದು ತನ್ನಷ್ಟಕ್ಕೆ. ಮಗನಿಗೆ ಇದನ್ನೂ ಹೇಳಿ.

ಮೂರು ವರ್ಷ ಕಳೆದ ಮೇಲೆ, 1965ರಲ್ಲಿ, ಜಹಾಂಗೀರ್ ಗ್ಯಾಲರಿಯಲ್ಲಿ ಅವರ ಮೊದಲ ಪ್ರದರ್ಶನ. ಒಂದು ಮಾತು ಪಕ್ಕಕ್ಕೆ ಹೇಳಿಬಿಡುತ್ತೇನೆ. ಈ ಗ್ಯಾಲರಿ ಶುರುವಾದದ್ದು 1952ರಲ್ಲಿ. ಊರಿಗೆ ಇಂಥದ್ದೊಂದು ಬೇಕು ಎಂದು ಸರ್ ಕಾವಸ್‌ಜಿ ಜಹಾಂಗೀರ್ ಅವರ ಬೆನ್ನು ಬಿದ್ದವರಲ್ಲಿ ವಿಜ್ಞಾನಿ ಹೋಮಿ ಭಾಭಾ ಜತೆ ಉಡುಪಿ ಹತ್ತಿರದ ಕಟ್ಟಿಂಗೇರಿಯ ಪೇಂಟರ್ ಕೆ.ಕೆ. ಹೆಬ್ಬಾರರೂ ಇದ್ದರು. ನಿಮ್ಮ ಮಗ ಊಟ ಬಿಟ್ಟು ಹೋಗಿ ನಿಲ್ಲುವ ಜಾಗದಲ್ಲಿ ನಮ್ಮವರದೂ ಒಂದು ಪಾಲಿದೆ ಅನ್ನಿ.

ಆ ಪ್ರದರ್ಶನಕ್ಕೆ ಖಖ್ಖರ್ ಏನು ತಂದರು? ಬಜಾರಿನಲ್ಲಿ ಸಿಗುವ ಅಗ್ಗದ ದೇವರ ಪಟ. ಅದರಿಂದ ದೇವರನ್ನು ಕತ್ತರಿಸಿ ಕನ್ನಡಿಗೆ ಅಂಟಿಸಿದರು. ಸುತ್ತ ಬಣ್ಣ ಎಳೆದರು. ರಸ್ತೆ ಬದಿಯ ಗೋಡೆಯಲ್ಲಿ ಯಾರ್ಯಾರೋ ಗೀಚುತ್ತಾರಲ್ಲ, ಹಾಗೆ ಗೀಚಿದರು. ನನ್ನ ಅಪ್ಪಯ್ಯ ಭಕ್ತಿಯಿಂದ ಬ್ಲೇಡು ಆಡಿಸಿದ ಅದೇ ಕಾಗದದ ಮೇಲೆ ಇವರು ಕತ್ತರಿ ಆಡಿಸಿದರು. ಕನ್ನಡಿ ಆದ್ದರಿಂದ ಮುಂದೆ ನಿಂತವರ ಮುಖವೂ ದೇವರ ಪಕ್ಕದಲ್ಲಿ ಬಂದು ಕೂರುತ್ತಿತ್ತು.

ಈಗ ಪಾಪ್ ಆರ್ಟ್ ವಿಷಯ. 1950ರ ದಶಕದಲ್ಲಿ ಬ್ರಿಟನ್ನಿನಲ್ಲಿ, ಆಮೇಲೆ ಅಮೆರಿಕದಲ್ಲಿ, ಕೆಲವು ಕಲಾವಿದರು ಜಾಹೀರಾತು, ಕಾಮಿಕ್ಸ್, ಅಂಗಡಿಯ ಡಬ್ಬಿ ಇವುಗಳನ್ನೇ ಚಿತ್ರಕ್ಕೆ ತಂದರು. ಆಂಡಿ ವಾರ್ಹೋಲ್ 1962ರಲ್ಲಿ ಕ್ಯಾಂಪ್‌ಬೆಲ್ ಸೂಪಿನ ಡಬ್ಬಿಗಳನ್ನು ಸಾಲಾಗಿ ಪೇಂಟ್ ಮಾಡಿ ನೇತುಹಾಕಿದ್ದು ನೀವು ಕೇಳಿರಬಹುದು. ಖಖ್ಖರ್‌ಗೂ ಈ ಗಾಳಿ ತಾಗಿತ್ತು. ಬ್ರಿಟನ್ನಿನಿಂದ ಬಂದಿದ್ದ ಒಬ್ಬ ಯುವ ಕಲಾವಿದ ಬರೋಡಾದಲ್ಲಿ ಅವರ ಜತೆಯೇ ಉಳಿದಿದ್ದ, ಅಲ್ಲಿನ ಸುದ್ದಿ ಅವನಿಂದ ಬರುತ್ತಿತ್ತು. ಅದಕ್ಕೇ ಇವರನ್ನು 'ಭಾರತದ ಮೊದಲ ಪಾಪ್ ಕಲಾವಿದ' ಎಂದು ಕರೆಯುವುದು.

ನನಗೆ ಈ ಬಿರುದು ಅಷ್ಟು ಒಪ್ಪುವುದಿಲ್ಲ. ಅಮೆರಿಕದಲ್ಲಿ ಸೂಪಿನ ಡಬ್ಬಿ ಖಾಲಿಯಾದರೆ ಎಸೆಯುತ್ತಾರೆ. ಒಂದರ ಹಾಗೆ ಇನ್ನೊಂದು ಲಕ್ಷ ಇವೆ, ಯಾವುದಕ್ಕೂ ಬೆಲೆಯಿಲ್ಲ. ವಾರ್ಹೋಲ್ ಚಿತ್ರದ ತಂಪು ಬರುವುದು ಅಲ್ಲಿಂದ. ನಮ್ಮಲ್ಲಿ ಹಾಗಾ? ಕ್ಯಾಲೆಂಡರ್ ಲಕ್ಷ್ಮಿಯೂ ಪ್ರೆಸ್ಸಿನಲ್ಲಿ ಸಾವಿರಗಟ್ಟಲೆ ಅಚ್ಚಾದವಳೇ. ಆದರೆ ಮನೆಗೆ ಬಂದ ಕೂಡಲೇ ಅವಳೊಬ್ಬಳೇ ಲಕ್ಷ್ಮಿ. ಅವಳಿಗೆ ಕುಂಕುಮ ಹಚ್ಚುತ್ತೇವೆ. ಎಸೆಯಲು ಕೈ ಬರುವುದಿಲ್ಲ. ಖಖ್ಖರ್ ತಮಾಷೆ ಮಾಡಿದರೂ ಈ ನಂಟನ್ನು ಬಿಟ್ಟುಕೊಟ್ಟವರಲ್ಲ. ಅವರ ಚಿತ್ರ ಬೆಚ್ಚಗಿದೆ. ವಿದೇಶಿ ಹೆಸರು ಅಂಟಿಸಿದರೆ ಆ ಬಿಸಿ ಆರಿಹೋಗುತ್ತೆ ಎಂದು ನನ್ನ ತಕರಾರು.

ಅಂಟಿಸುವ ಆಟ ಜಾಸ್ತಿ ವರ್ಷ ನಡೆಯಲಿಲ್ಲ. ಹೊತ್ತು ಹೋದ ಹಾಗೆ ಅವರು ಎಣ್ಣೆಬಣ್ಣಕ್ಕೆ ಬಂದರು. 1970ರ ದಶಕದಲ್ಲಿ ಮಾಡಿದ ಅಂಗಡಿ ಚಿತ್ರಗಳಿವೆಯಲ್ಲ, ನನ್ನ ಲೆಕ್ಕದಲ್ಲಿ ಅವರ ಪ್ರಾಣ ಇರುವುದು ಅಲ್ಲಿ. 1972ರ ಕೆಲವು ಚಿತ್ರಗಳ ಹೆಸರು ಕೇಳಿ: 'ಡಿ-ಲಕ್ಸ್ ಟೈಲರ್ಸ್', 'ಜನತಾ ವಾಚ್ ರಿಪೇರಿಂಗ್', 'ಅಸಿಸ್ಟೆಂಟ್ ಅಕೌಂಟೆಂಟ್ ಮಿಸ್ಟರ್ ಐ.ಎಂ. ಪಟೇಲ್'. ಚಿತ್ರದ ಹೆಸರೋ ಅಂಗಡಿಯ ಬೋರ್ಡೋ ಗೊತ್ತಾಗುವುದಿಲ್ಲ. ಎಣ್ಣೆಬಣ್ಣದ ಭಾವಚಿತ್ರ ಅಂದರೆ ಅಲ್ಲಿವರೆಗೆ ಯಾರದು? ಮಹಾರಾಜರದು, ಮೇಯರ್‌ದು, ದೊಡ್ಡ ದಾನಿಯದು. ಸಂಘದ ಹಾಲಿನಲ್ಲಿ ಹಾರ ಹಾಕಿ ನೇತುಹಾಕುವಂಥದ್ದು. ಇಲ್ಲಿ ನೋಡಿದರೆ ಅಸಿಸ್ಟೆಂಟ್ ಅಕೌಂಟೆಂಟ್! ಚೀಫ್ ಅಕೌಂಟೆಂಟ್ ಕೂಡ ಅಲ್ಲ. ಆಫೀಸಿನಲ್ಲಿ ದುಡಿದವರಿಗೆ ಆ 'ಅಸಿಸ್ಟೆಂಟ್' ಎಂಬ ಒಂದು ಪದದ ಭಾರ ಎಷ್ಟೆಂದು ಗೊತ್ತು. ಖಖ್ಖರ್ ಅದನ್ನು ಬಿಟ್ಟಿಲ್ಲ. 'ಮಿಸ್ಟರ್' ಅನ್ನುವ ಮರ್ಯಾದೆಯನ್ನೂ ಬಿಟ್ಟಿಲ್ಲ.

ಇಂಥ ಕಣ್ಣು ಎಲ್ಲಿಂದ ಬಂತು? ಲೆಕ್ಕದ ಕೆಲಸದಿಂದಲೇ ಎಂದು ನಾನು ನಂಬಿದ್ದೇನೆ. ಆಡಿಟ್‌ಗೆ ಹೋಗುವ ಹುಡುಗನನ್ನು ನೆನಪು ಮಾಡಿಕೊಳ್ಳಿ. ಯಾರದೋ ಅಂಗಡಿ, ಯಾರದೋ ಸ್ಟೂಲು. ಪುಸ್ತಕ ತಂದು ಮುಂದೆ ಇಡುತ್ತಾರೆ, ಚಹಾ ತರಿಸುತ್ತಾರೆ. ಅವನು ಅಲ್ಲಿಯ ಗಿರಾಕಿಯಲ್ಲ, ನೆಂಟನಲ್ಲ, ಮಾಲೀಕನೂ ಅಲ್ಲ. ಸುಮ್ನೆ ಕೂತು ಎಲ್ಲ ನೋಡುತ್ತಾನೆ. ಗೋಡೆಗೆ ತೂಗುಹಾಕಿದ ಬಿಲ್ಲಿನ ಸರಿಗೆ, ಒಂದು ಕಾಲು ಮೋಟಾದ ಮೇಜು, ಮಾಲೀಕ ಬಂದ ಕೂಡಲೇ ಗುಮಾಸ್ತನ ಬೆನ್ನು ನೆಟ್ಟಗಾಗುವುದು. ಬೇರೆ ಪೇಂಟರುಗಳಿಗೆ ಇಂಥ ಜಾಗದಲ್ಲಿ ಕೂರುವ ಕೆಲಸವೇ ಬಿದ್ದಿರಲಿಲ್ಲ.

'ಮಕ್ಕಳು ಬಿಡಿಸಿದ ಹಾಗೆ' ಎಂದಿರಿ. 30 ವರ್ಷ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು ನಾನು, ಇದರ ಬಗ್ಗೆ ನನಗೂ ಸ್ವಲ್ಪ ಹಕ್ಕಿದೆ. ಹೌದು, ಅವರ ಮನುಷ್ಯರ ಕೈಕಾಲು ಬಿಗಿಯಾಗಿರುತ್ತೆ. ಕೂತವರು ಫೋಟೋ ಸ್ಟುಡಿಯೊದಲ್ಲಿ 'ಅಲುಗಬೇಡಿ' ಅಂದಾಗ ಕೂರುವ ಹಾಗೆ ಕೂತಿರುತ್ತಾರೆ. ದೂರದ್ದು ಚಿಕ್ಕದು, ಹತ್ತಿರದ್ದು ದೊಡ್ಡದು ಎಂಬ ನಿಯಮ ಬೇಕಾದಾಗ ಉಂಟು, ಬೇಡವಾದಾಗ ಇಲ್ಲ. ಜೆ.ಜೆ. ಪರೀಕ್ಷೆಗೆ ಈ ಚಿತ್ರ ಕಳಿಸಿದರೆ ಮಾರ್ಕು ಕಡಿಮೆಯೇ ಬರಬಹುದು. ತನ್ನಷ್ಟಕ್ಕೆ ಕಲಿತವರ ಈ ಬಿಗಿತ ಮೊದಲು ಅವರ ಕೊರತೆಯೇ ಆಗಿತ್ತು. ಆದರೆ ಅದನ್ನು ಮುಚ್ಚಲು ಹೋಗಲಿಲ್ಲ, ಅದರಿಂದಲೇ ಕೆಲಸ ತೆಗೆದರು. ಫ್ರಾನ್ಸಿನ ಆನ್ರಿ ರೂಸೊ ಎಂಬಾತ ಅವರಿಗೆ ತುಂಬ ಇಷ್ಟ. ಆತ ಪ್ಯಾರಿಸಿನ ಸುಂಕದ ಕಟ್ಟೆಯಲ್ಲಿ ಕೆಲಸ ಮಾಡುತ್ತಾ, ರಜೆ ಸಿಕ್ಕಾಗ ಪೇಂಟ್ ಮಾಡುತ್ತಿದ್ದವನು. ಸಮಾನ ದುಃಖಿಗಳು!

ಬಣ್ಣವೋ, ಕೇಳಬೇಡಿ. ಮಿಠಾಯಿ ಅಂಗಡಿಯ ಗಾಜಿನ ಕಪಾಟಿನಷ್ಟು ಬಣ್ಣ. ಬರ್ಫಿಯ ಗುಲಾಬಿ, ಪಿಸ್ತಾ ಹಸಿರು, ಸಂಜೆಯ ಕಡುನೀಲಿ. ಚೆಲುವಿಗಾಗಿ ಹಚ್ಚಿದ್ದಲ್ಲ ಅದು. ಕೆಳ ಮಧ್ಯಮ ವರ್ಗದ ಮನೆ, ಅಂಗಡಿ ನಿಜಕ್ಕೂ ಇದ್ದದ್ದೇ ಹಾಗೆ. ಬೂದು, ಬಿಳಿ, ಕಂದು ಬಣ್ಣ ಸಭ್ಯ ಎಂಬ ಯೋಚನೆ ಬಂದದ್ದು ದೊಡ್ಡ ಫ್ಲ್ಯಾಟುಗಳಿಂದ.

ಮನುಷ್ಯ ಕೂಡ ಬಣ್ಣದವರೇ. 1972ರಲ್ಲಿ ಮುಂಬೈಯ ಗ್ಯಾಲರಿ ಕೆಮೋಲ್ಡ್‌ನಲ್ಲಿ ಪ್ರದರ್ಶನ ಆಯಿತು. ಕೇಕೂ ಮತ್ತು ಖೋರ್ಶೆದ್ ಗಾಂಧಿ ದಂಪತಿ 1963ರಲ್ಲಿ ಶುರು ಮಾಡಿದ ಗ್ಯಾಲರಿ ಅದು, ಆಗ ಜಹಾಂಗೀರ್ ಕಟ್ಟಡದ ಮೇಲ್ಮಹಡಿಯಲ್ಲೇ ಇತ್ತು. ಪ್ರದರ್ಶನದ ಕ್ಯಾಟಲಾಗಿನಲ್ಲಿ ಕಲಾವಿದರು ಸಾಮಾನ್ಯವಾಗಿ ಹೇಗಿರುತ್ತಾರೆ? ಗಡ್ಡ ನೀವುತ್ತಾ ದೂರಕ್ಕೆ ನೋಡುತ್ತಿರುತ್ತಾರೆ. ಖಖ್ಖರ್ ಮಾತ್ರ ಜೇಮ್ಸ್ ಬಾಂಡ್ ಥರ ಒಂದು ಫೋಟೋ, ಮಿಸ್ಟರ್ ಯೂನಿವರ್ಸ್ ಥರ ಮೈ ತೋರಿಸಿ ಇನ್ನೊಂದು ಫೋಟೋ ತೆಗೆಸಿ ಹಾಕಿದರು. ಮೈಯಲ್ಲಿ ಪೈಲ್ವಾನನ ಲಕ್ಷಣ ಏನೂ ಇರಲಿಲ್ಲ, ತಮಾಷೆ ಇದ್ದದ್ದೇ ಅದರಲ್ಲಿ. ಗುಜರಾತಿಯಲ್ಲಿ ಕಥೆ ನಾಟಕಗಳನ್ನೂ ಬರೆದರು. ಶೇಖ್ ಜತೆ ಸೇರಿ 1969ರಿಂದ 1973ರವರೆಗೆ 'ವೃಶ್ಚಿಕ್' ಎಂಬ ಪತ್ರಿಕೆ ನಡೆಸಿದರು. ಹೆಸರೇ ಚೇಳು. ಕುಟುಕುವ ಕೆಲಸವನ್ನೂ ಚೆನ್ನಾಗಿ ಮಾಡಿತು.

ಒಂದು ಚಿತ್ರದ ಬಗ್ಗೆ ಹೇಳಲೇಬೇಕು. 1970ರ ದಶಕದ ನಡುವಿನದು, ಈಗ ದಿಲ್ಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯ ಸಂಗ್ರಹದಲ್ಲಿದೆ. ಪ್ಲಾಸ್ಟಿಕ್ ಹೂಗುಚ್ಛ ಹಿಡಿದ ಮನುಷ್ಯ. ನಡುವೆ ದೊಡ್ಡದಾಗಿ ಅವನು, ಸುತ್ತ ಚಿಕ್ಕ ಚಿಕ್ಕದಾಗಿ ಅವನ ಬದುಕಿನ ತುಣುಕುಗಳು. ದೇವರ ಪಟದಲ್ಲಿ ನಡುವೆ ದೇವರು, ಸುತ್ತ ಲೀಲೆಗಳು ಇರುತ್ತವಲ್ಲ, ಅದೇ ಅಚ್ಚು. ನಡುವಿನಲ್ಲಿರುವವ ಮಾತ್ರ ಯಾರೋ ಸಾಮಾನ್ಯ ಮನುಷ್ಯ, ಮುಖದಲ್ಲಿ ನಗುವಿಲ್ಲ. ಪ್ಲಾಸ್ಟಿಕ್ ಹೂವು ಅಂದರೆ ಕೃತಕ ಬದುಕು, ಹಾಗೆ ಹೀಗೆ ಎಂದೆಲ್ಲ ನಾನು ಟಿಪ್ಪಣಿ ಮಾಡಿಕೊಂಡಿದ್ದೆ. ಅಪ್ಪಯ್ಯ ಆಗ ಹೋಟೆಲಿನ ಕೆಲಸ ಬಿಟ್ಟು ಮನೆಯಲ್ಲಿದ್ದರು. ಪುಸ್ತಕದಲ್ಲಿ ಆ ಚಿತ್ರ ನೋಡಿ ಕನ್ನಡಕ ಸರಿ ಮಾಡಿಕೊಂಡು ಹೇಳಿದರು: 'ಇದು ರಿಟೈರ್ ಆದ ದಿವಸ ಕೊಟ್ಟ ಹೂವು ಮಾರಾಯಾ. ಮನೆಗೆ ಹೋಗಿ ಎಲ್ಲಿ ಇಡುವುದು ಅಂತ ಯೋಚನೆ ಮಾಡ್ತಾ ಇದ್ದಾನೆ.' ಖಖ್ಖರ್ ಮನಸ್ಸಿನಲ್ಲಿ ಅದೇ ಇತ್ತು ಎಂದು ನಾನು ಹೇಳುತ್ತಿಲ್ಲ. ಆದರೆ ಆ ಟಿಪ್ಪಣಿಯನ್ನು ನಾನು ಆಮೇಲೆ ಬಳಸಲಿಲ್ಲ.

ಇನ್ನೊಂದು ವಿಷಯ. ಮಗ ತೋರಿಸಿದ ಚಿತ್ರಗಳಲ್ಲಿ ಕೆಲವು ನೋಡಿ ನಿಮಗೆ ಮುಜುಗರ ಆಗಿರಬಹುದು, ನೀವು ಬರೆದಿಲ್ಲ ಅಷ್ಟೆ. ಖಖ್ಖರ್ ಗಂಡಸರನ್ನು ಪ್ರೀತಿಸಿದವರು. ಮೊದಮೊದಲು ಅದು ಚಿತ್ರದಲ್ಲಿ ಮರೆಯಲ್ಲಿತ್ತು. ಅಂಗಡಿಯ ಗಂಡಸರನ್ನು ಅಷ್ಟು ಅಕ್ಕರೆಯಿಂದ ನೋಡಿದ್ದರಲ್ಲಿ ಇದೂ ಸೇರಿತ್ತು ಎಂದು ಈಗ ಹಿಂದಿರುಗಿ ನೋಡಿದರೆ ಅನಿಸುತ್ತೆ. 1979ರಲ್ಲಿ ಇಂಗ್ಲೆಂಡಿಗೆ ಹೋಗಿ ಬಾತ್ ಅಕಾಡೆಮಿ ಆಫ್ ಆರ್ಟ್‌ನಲ್ಲಿ ಪಾಠ ಮಾಡಿದರು. ಪೇಂಟರ್ ಹೊವರ್ಡ್ ಹಾಜ್ಕಿನ್ ಅಲ್ಲಿ ಅವರ ಆಪ್ತ ಗೆಳೆಯ. ಮುಚ್ಚಿಡದೆ ಬದುಕುವ ಜನರನ್ನು ಅಲ್ಲಿ ಕಂಡರು. ವಾಪಸು ಬಂದ ಮೇಲೆ, ತಾಯಿಯೂ ತೀರಿಕೊಂಡ ಮೇಲೆ, ಅವರೂ ಮುಚ್ಚಿಡುವುದು ಬಿಟ್ಟರು.

ಆಗ ಬಂದದ್ದು 1981ರ 'ಯೂ ಕಾಂಟ್ ಪ್ಲೀಸ್ ಆಲ್'. ಎಲ್ಲರನ್ನೂ ಮೆಚ್ಚಿಸೋಕೆ ಆಗಲ್ಲ ಎಂದು ಹೆಸರು. ಮನೆಯ ಬಾಲ್ಕನಿಯಲ್ಲಿ ಒಬ್ಬ ಗಂಡಸು ಬರಿಮೈಯಲ್ಲಿ ನಮಗೆ ಬೆನ್ನು ಹಾಕಿ ನಿಂತಿದ್ದಾನೆ. ಕೆಳಗೆ ಊರು, ತನ್ನ ಪಾಡಿಗೆ ತಾನು. ಆ ಊರಿನಲ್ಲಿ ಅಪ್ಪ, ಮಗ, ಒಂದು ಕತ್ತೆ. ಆ ಕಥೆ ನಮಗೆಲ್ಲ ಶಾಲೆಯಲ್ಲೇ ಗೊತ್ತು. ಮಗ ಕೂತರೆ ಒಂದು ಮಾತು, ಅಪ್ಪ ಕೂತರೆ ಇನ್ನೊಂದು ಮಾತು, ಇಬ್ಬರೂ ಕೂತರೂ ತಪ್ಪು, ಯಾರೂ ಕೂರದಿದ್ದರೂ ತಪ್ಪು. ಒಂದೇ ಚಿತ್ರದಲ್ಲಿ ಅಪ್ಪ ಮಗ ಮತ್ತೆ ಮತ್ತೆ ಬರುತ್ತಾರೆ, ನಮ್ಮ ದೇವಸ್ಥಾನದ ಗೋಡೆಗಳಲ್ಲಿ ರಾಮಾಯಣ ನಡೆಯುವ ಹಾಗೆ. ಮೇಲೆ ನಿಂತವ ನೋಡುತ್ತಿದ್ದಾನೆ. ಅವನೇ ಖಖ್ಖರ್. ಅರಚಾಟ ಇಲ್ಲ, ಘೋಷಣೆ ಇಲ್ಲ. ಬಟ್ಟೆ ತೊಟ್ಟಿಲ್ಲ, ಅಷ್ಟೆ. ಲಂಡನ್ನಿನ ಟೇಟ್ ಮ್ಯೂಸಿಯಂ ಈ ಚಿತ್ರ ಕೊಂಡುಕೊಂಡಿದೆ. ಮುಂದಿನ ವರ್ಷದ 'ಟೂ ಮೆನ್ ಇನ್ ಬನಾರಸ್'ನಲ್ಲಿ ಇನ್ನೂ ನೇರವಾಗಿ ಹೇಳಿದರು. ಆ ಕಾಲದಲ್ಲಿ ಇದು ಕಾನೂನಿನ ಪ್ರಕಾರ ಅಪರಾಧ ಎಂಬುದು ನೆನಪಿರಲಿ. ಸುಪ್ರೀಂ ಕೋರ್ಟು 377ನೇ ಕಲಮಿನಿಂದ ಅದನ್ನು ತೆಗೆದದ್ದು 2018ರಲ್ಲಿ. ಖಖ್ಖರ್ ಆಗ ಇರಲಿಲ್ಲ.

ಅದೇ 1981ರಲ್ಲಿ ಮುಂಬೈ, ದಿಲ್ಲಿಗಳಲ್ಲಿ 'ಪ್ಲೇಸ್ ಫಾರ್ ಪೀಪಲ್' ಎಂಬ ಪ್ರದರ್ಶನ ನಡೆಯಿತು. ಚಿತ್ರದೊಳಗೆ ಮನುಷ್ಯನಿಗೆ ಮತ್ತೆ ಜಾಗ ಕೊಡಿ ಎಂದು ಆರು ಜನ ಕಲಾವಿದರು ಸೇರಿ ಮಾಡಿದ್ದು. ಖಖ್ಖರ್ ಒಬ್ಬರು, ಶೇಖ್ ಒಬ್ಬರು. ಇನ್ನೊಬ್ಬರು ಸುಧೀರ್ ಪಟವರ್ಧನ್, ಪುಣೆಯಲ್ಲಿ ಡಾಕ್ಟರಿಕೆ ಓದಿದವರು. ಠಾಣೆಯಲ್ಲಿ 2005ರವರೆಗೂ ರೇಡಿಯಾಲಜಿಸ್ಟ್ ಆಗಿ ಕೆಲಸ ಮಾಡುತ್ತಲೇ ಚಿತ್ರ ಬರೆದರು. ಹಗಲು ಎಕ್ಸ್‌ರೇ, ಉಳಿದ ಹೊತ್ತು ಲೋಕಲ್ ಟ್ರೇನಿನ ಜನ. ನಿಮ್ಮ ಮಗ ಈ ಹೆಸರನ್ನು ಹೇಳಿರಲಿಕ್ಕಿಲ್ಲ, ಯಾಕೆ ಎಂದು ನಿಮಗೆ ಗೊತ್ತಾಗುತ್ತೆ.

ಆಮೇಲಿನದ್ದನ್ನು ಬೇಗ ಹೇಳುತ್ತೇನೆ. 1984ರಲ್ಲಿ ಪದ್ಮಶ್ರೀ ಬಂತು. 1995ರಲ್ಲಿ ಸಲ್ಮಾನ್ ರಶ್ದಿಯ ಭಾವಚಿತ್ರ ಬರೆದರು, ಅದು ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿದೆ. 2000ದಲ್ಲಿ ನೆದರ್ಲೆಂಡ್ಸಿನ ಪ್ರಿನ್ಸ್ ಕ್ಲಾಸ್ ಪ್ರಶಸ್ತಿ. ಕೊನೆಯ ವರ್ಷಗಳಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್. ಕಾಯಿಲೆಯನ್ನೂ ಅವರು ಚಿತ್ರದಿಂದ ಹೊರಗಿಡಲಿಲ್ಲ. ಹರಿದ ಹೊಟ್ಟೆ, ರಕ್ತ, ಕರುಳು, ಅದರ ಮೇಲೂ ಅದೇ ಹಬ್ಬದ ಬಣ್ಣ. ನೋಡಲು ಕಷ್ಟ. ನನಗೆ ಆ ಕೊನೆಯ ಚಿತ್ರಗಳಲ್ಲಿ ಕೆಲವು ಗಡಿಬಿಡಿಯವು ಅನಿಸುತ್ತವೆ. ಒಪ್ಪದವರು ಬಹಳ ಜನ ಇದ್ದಾರೆ, ಇರಲಿ. 2003ರ ಆಗಸ್ಟ್ 8ರಂದು ಬರೋಡಾದಲ್ಲಿ ತೀರಿಕೊಂಡರು, 69 ವರ್ಷಕ್ಕೆ.

2016ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಅವರ ಇಡೀ ಬದುಕಿನ ಕೆಲಸವನ್ನು ಒಟ್ಟಿಗೆ ತೋರಿಸಿತು. ಅಲ್ಲಿಯ ಒಂದು ಪತ್ರಿಕೆಯ ವಿಮರ್ಶಕರು ಕಟುವಾಗಿ ಬೈದು ಬರೆದರು, ಅದಕ್ಕೆ ಉಳಿದವರು ತಿರುಗಿ ಬಿದ್ದರು. ಪ್ರದರ್ಶನದ ಹೆಸರು? 'ಯೂ ಕಾಂಟ್ ಪ್ಲೀಸ್ ಆಲ್'. ಇದಕ್ಕಿಂತ ಚೆಂದದ ಉತ್ತರ ಬೇಕೇ?

ಕೋಟಿಯ ಲೆಕ್ಕ ಕೇಳಿದ್ದೀರಿ. ಹಾಜ್ಕಿನ್ ಹತ್ತಿರವಿದ್ದ 'ಡಿ-ಲಕ್ಸ್ ಟೈಲರ್ಸ್' 2017ರಲ್ಲಿ ಲಂಡನ್ನಿನ ಸದಬೀಸ್ ಹರಾಜಿನಲ್ಲಿ 10 ಲಕ್ಷ ಪೌಂಡಿಗೂ ಜಾಸ್ತಿಗೆ ಹೋಯಿತು. 2019ರಲ್ಲಿ 'ಟೂ ಮೆನ್ ಇನ್ ಬನಾರಸ್' 25 ಲಕ್ಷ ಪೌಂಡ್ ದಾಟಿತು, ಅಂದರೆ ನಮ್ಮ ದುಡ್ಡಿನಲ್ಲಿ 20 ಕೋಟಿಗೂ ಮೇಲೆ. ಆದರೆ ದಯವಿಟ್ಟು ಗಮನಿಸಿ, ಇದೆಲ್ಲ ಅವರು ಹೋದ ಮೇಲಿನ ಹರಾಜು. ಮಾರಿದವರು ಸಂಗ್ರಹ ಮಾಡಿಟ್ಟುಕೊಂಡವರು. ಖಖ್ಖರ್ ಚಿತ್ರ ಮಾರಿ ಕೋಟಿ ಎಣಿಸಿ ಕೂತವರಲ್ಲ. ಪಾರ್ಟ್ ಟೈಮ್ ಸಂಬಳ ಇತ್ತು, ಅದಕ್ಕೇ ಯಾರಿಗೆ ಬೇಕಾದ್ದನ್ನೂ ಬರೆಯದೆ ತನಗೆ ಬೇಕಾದ್ದನ್ನು ಬರೆಯಲು ಆಯಿತು. ಹಾಗೆ ನೋಡಿದರೆ ಆ ಬಾಲ್ಕನಿಯ ಮನುಷ್ಯನನ್ನು ಅಲ್ಲಿ ನಿಲ್ಲಿಸಿದ್ದರಲ್ಲಿ ಲೆಕ್ಕದ ಪುಸ್ತಕದ್ದೂ ಪಾಲಿದೆ.

ನೀವು ಕೇಳದಿದ್ದರೂ ನಿಜವಾದ ಪ್ರಶ್ನೆ ಬೇರೆಯೇ ಇದೆ: ಮಗನನ್ನು ಬಿಡುವುದಾ ಬೇಡವಾ? ಅದು ನಿಮ್ಮ ಮನೆಯ ವಿಚಾರ, ನಾನು ತೀರ್ಪು ಕೊಡುವುದಿಲ್ಲ. ಒಂದು ಮಾತ್ರ ಹೇಳಬಲ್ಲೆ. ಖಖ್ಖರ್ ಹೆಸರು ಹೇಳಿಕೊಂಡು ಆರ್ಟಿಕಲ್‌ಶಿಪ್ ಬಿಡುವುದು ಸರಿ ಕೂರುವುದಿಲ್ಲ. ಹಾಗೆಯೇ ಖಖ್ಖರ್ ಹೆಸರು ಹೇಳಿಕೊಂಡು ನೀವು ಜಹಾಂಗೀರ್‌ಗೆ ಹೋಗಬೇಡ ಅನ್ನುವುದೂ ಸರಿ ಕೂರುವುದಿಲ್ಲ.

ಒಂದು ಭಾನುವಾರ ನೀವೇ ಅವನ ಜತೆ ಹೊರಡಿ. ಜಹಾಂಗೀರ್‌ಗೆ ಟಿಕೆಟ್ ಇಲ್ಲ. ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ರೀಗಲ್ ಸಿನಿಮಾ ಎದುರಿಗೆ ಎನ್‌ಜಿಎಂಎ, ಅಂದರೆ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯ ಮುಂಬೈ ಶಾಖೆ ಇದೆ. ಯಾವ ಚಿತ್ರ ತೂಗುಹಾಕಿರುತ್ತಾರೋ ಅದನ್ನೇ ನೋಡಿ. ಅವನು ವಿವರಿಸಲು ಶುರು ಮಾಡಿದರೆ ಸ್ವಲ್ಪ ಹೊತ್ತು ಸುಮ್ಮನಿರಲು ಹೇಳಿ, ಮೊದಲು ನೀವು ನಿಮಗೆ ಕಂಡದ್ದನ್ನು ಹೇಳಿ. ನನ್ನ ಅಪ್ಪಯ್ಯನಿಗೆ ಕಂಡ ಹಾಗೆ ನಿಮಗೂ ಏನೋ ಕಾಣುತ್ತೆ.

ಮಾರ್ಚ್ 31ಕ್ಕೆ ಸ್ಟಾಕ್ ಎಣಿಸಲು ಅವನನ್ನು ಯಾವುದಾದರೂ ಗೋಡೌನಿಗೆ ಕಳಿಸಿಯೇ ಕಳಿಸುತ್ತಾರೆ. ಭಿವಂಡಿಯೋ, ಮಸ್ಜಿದ್ ಬಂದರೋ. ಆ ದಿನ ಬ್ಯಾಗಿನಲ್ಲಿ ಕ್ಯಾಲ್ಕುಲೇಟರ್ ಜತೆ ಒಂದು ಚಿಕ್ಕ ಸ್ಕೆಚ್ ಪುಸ್ತಕ ಇಟ್ಟುಕೊಳ್ಳಲು ಹೇಳಿ. ಗೋಡೌನಿನವ ಚಹಾ ತರಿಸಲು ಹೊರಗೆ ಹೋದಾಗ ಹತ್ತು ನಿಮಿಷ ಸಿಗುತ್ತೆ. ಅವನು ಕೂರುವ ಕುರ್ಚಿ, ಅದರ ಹಿಂದಿನ ಕ್ಯಾಲೆಂಡರು, ಮೊಳೆಗೆ ತೂಗುಹಾಕಿದ ಅವನ ಅಂಗಿ, ಇಷ್ಟು ಬರೆದುಕೊಳ್ಳಲು ಅಷ್ಟು ಸಾಕು.